ತೆಗೆದಿಟ್ಟ ಕೊಂಡಿಗಳು

ಜೂನ್ 4

ಅಕ್ಕಾ,

ಅಂಗಡಿಯಲ್ಲಿ ನಿಂತುಕೊಂಡೇ ಇದನ್ನು ಓದುತ್ತಿದ್ದರೆ ಮೊದಲು ಸ್ಟೂಲ್ ಎಳೆದುಕೊಂಡು ಕೂತುಕೋ. ನಿನ್ನ ಕಡ್ಡಿಯ ಕೈಗೆ ವಾಚು ಬರಲಿದೆ! ಅಂಥಿಂಥ ವಾಚಲ್ಲ. ನೀನು ಬೀಗ ಹಾಕಿದ ಗಾಜಿನ ಬೀರುವಿನಲ್ಲಿಟ್ಟು, ಮೊದಲು ಗಿರಾಕಿಯ ಮುಖ ನೋಡಿ, ಆಮೇಲೆ ಮೆತ್ತನೆ ಬಟ್ಟೆ ಹಾಸಿ ತೋರಿಸುತ್ತೀಯಲ್ಲ, ಆ ಜಾತಿಯದು.

ಮೇಡಂ ನಿನ್ನೆ ಕೋಣೆಗೆ ಕರೆದರು. ಟೈಪಿಂಗಿನಲ್ಲಿ ಏನೋ ಎಡವಟ್ಟಾಗಿದೆ ಎಂದುಕೊಂಡೇ ಹೋದೆ. ಅವರು, "ಸೇರಿ ಮೂರು ತಿಂಗಳಾಯ್ತಲ್ಲ, ಇನ್ನು ನೀನು ನಮ್ಮವಳೇ. ನಮ್ಮ ಹುಡುಗೀರು ಬರಿಗೈಲಿ ಓಡಾಡಬಾರ್ದು. ಒಂದು ಒಳ್ಳೆ ವಾಚು ಆರಿಸ್ಕೋ, ನಾನು ಕೊಡಿಸ್ತೀನಿ" ಅಂದರು. ಮುಂದಿನ ವಾರ ತಟ್ಟೆಯಲ್ಲಿ ಕೆಲವು ವಾಚು ತರಿಸುತ್ತಾರಂತೆ. ಯಾವುದನ್ನು ಆರಿಸಲಿ ಹೇಳು. ನನ್ನ ಮಣಿಕಟ್ಟು ಗೊತ್ತಲ್ಲ, ಅಮ್ಮನ ಬಳೆಯೇ ಮೊಣಕೈವರೆಗೆ ಏರುತ್ತದೆ.

ಕೆಲಸ ಚೆನ್ನಾಗಿದೆ. ಬಟ್ಟೆ, ಗುಂಡಿ, ಲೇಸುಗಳ ಮಾದರಿಗಳನ್ನು ಹೊರದೇಶಕ್ಕೆ ಕಳಿಸುವ ಆಫೀಸಿಗೆ ಇಷ್ಟು ದೊಡ್ಡ ಕಟ್ಟಡ ಏಕೆ ಎಂದು ಮಾತ್ರ ಇನ್ನೂ ಗೊತ್ತಾಗಿಲ್ಲ. ಮೇಲಿನ ಮಹಡಿಯಲ್ಲೇ ನನ್ನ ಕೋಣೆ. ಕಿಟಕಿ ತೆರೆದರೆ ಎದುರಿಗೆ ಗೋಡೆ. ನನ್ನ ಮೇಜಿನ ಕೆಳಗೆ ಹಿಂದಿನ ಟೈಪಿಸ್ಟ್ ಹುಡುಗಿಯ ಚಪ್ಪಲಿ ಇನ್ನೂ ಇದೆ. ಅವಳ ಸ್ವೆಟರ್ ಕುರ್ಚಿಗೇ ಇತ್ತು, ಮಡಿಸಿ ಕಪಾಟಿನಲ್ಲಿಟ್ಟೆ. ಅವಳು ಬಿಟ್ಟು ಹೋದಳಂತೆ. ಚಪ್ಪಲಿ ಬಿಟ್ಟು ಯಾರಾದರೂ ಕೆಲಸ ಬಿಡುತ್ತಾರೇನೇ?

ಇಂಟರ್‌ವ್ಯೂ ದಿನದ ತಮಾಷೆ ನಿನಗೆ ಹೇಳಿಯೇ ಇಲ್ಲ. ಟೈಪಿಂಗ್ ಪರೀಕ್ಷೆ ಎಲ್ಲ ಆದ ಮೇಲೆ ಮೇಡಂ, ಮನೆಯಲ್ಲಿ ಯಾರ್ಯಾರು ಏನು ಮಾಡ್ತಾರೆ ಎಂದು ಕೇಳಿದರು. ಅಕ್ಕ ವಾಚ್ ಅಂಗಡಿಯಲ್ಲಿದ್ದಾಳೆ ಅಂದೆ. ಅವರು ಪೆನ್ನು ಕೆಳಗಿಟ್ಟು, ಎದ್ದು ಬಂದು, ನನ್ನ ಕೈ ಹಿಡಿದು ಹೆಬ್ಬೆರಳು ತೋರುಬೆರಳು ಸೇರಿಸಿ ಮಣಿಕಟ್ಟಿಗೆ ಸುತ್ತಿ ನೋಡಿದರು. "ಎಷ್ಟು ಮುದ್ದಾಗಿದೆ" ಅಂದರು. ಕೆಲಸ ಅಲ್ಲೇ ಖಾತ್ರಿಯಾಯಿತು. ನಿನ್ನ ಹೆಸರಿನ ಮಹಿಮೆ ನೋಡು!

ಕಾಗದ ಆಫೀಸಿನ ವಿಳಾಸಕ್ಕೇ ಬರೆ. ಅಮ್ಮನಿಗೆ ಮುತ್ತು.

ನಿನ್ನ ಕಡ್ಡಿ


ಜೂನ್ 11

ಕಡ್ಡೀ,

ಅಂಗಡಿಯ ಲೆಟರ್ ಪ್ಯಾಡಿನಲ್ಲೇ ಬರೆಯುತ್ತಿದ್ದೇನೆ. ಹಳೇ ಫೋನ್ ನಂಬರು ಅಚ್ಚಾಗಿರುವ ಪ್ಯಾಡುಗಳನ್ನೆಲ್ಲ ಯಜಮಾನರು ನನಗೆ ದಾನ ಮಾಡಿದ್ದಾರೆ. ನಾನು ಸಾಯುವವರೆಗೆ ಕಾಗದ ಬರೆದರೂ ಮುಗಿಯುವುದಿಲ್ಲ.

ಈಗ ಕಿವಿಗೊಟ್ಟು ಕೇಳು. ದಿನಾ ಹತ್ತಾರು ಕೈ ನೋಡಿದವಳು ಹೇಳುತ್ತಿದ್ದೇನೆ. ಮೊದಲ ಸಲ ದುಬಾರಿ ವಾಚು ಕೊಳ್ಳುವವರು ಮಾಡುವ ತಪ್ಪು ಒಂದೇ: ದುಡ್ಡಿಗೆ ತಕ್ಕ ಹಾಗೆ ಕಾಣಬೇಕೆಂದು ದೊಡ್ಡದನ್ನು ಕಟ್ಟಿಕೊಂಡು ಹೋಗುತ್ತಾರೆ. ನಿನ್ನಂಥ ಕೈಗೆ ದೊಡ್ಡ ವಾಚು ಕಟ್ಟಿದರೆ ಪೊರಕೆ ಕಡ್ಡಿಗೆ ಗೋಡೆ ಗಡಿಯಾರ ನೇತು ಹಾಕಿದ ಹಾಗಿರುತ್ತದೆ. ಒಂದು ಕಾಗದದ ಚೂರನ್ನು ಮಣಿಕಟ್ಟಿಗೆ ಸುತ್ತಿ, ಸೇರಿದಲ್ಲಿ ಗೀರು ಹಾಕಿ ಅಳೆ. ಹದಿನಾಲ್ಕು ಸೆಂಟಿಮೀಟರ್ ದಾಟಿದರೆ ನನ್ನ ಕಿವಿ ಹಿಂಡು. ಡಯಲ್ಲಿನ ಅಗಲವನ್ನಷ್ಟೇ ನೋಡಬೇಡ. ಬೆಲ್ಟು ಸಿಕ್ಕಿಸಲು ಮೇಲೆ ಕೆಳಗೆ ಚಾಚಿರುತ್ತವಲ್ಲ ಕಾಲುಗಳು, ಆ ತುದಿಯಿಂದ ಈ ತುದಿಗೆ ನೋಡು. ಅವು ಕೈಯ ಅಂಚು ದಾಟಿ ಹೊರಗೆ ಇಣುಕಿದರೆ ಆ ವಾಚು ನಿನ್ನದಲ್ಲ. ದಪ್ಪ ಕಡಿಮೆ ಇರಲಿ, ತೋಳಿನ ಗುಂಡಿಗೆ ಸಿಕ್ಕಬಾರದು. ಕಟ್ಟಿದ ಮೇಲೆ ಕಿರುಬೆರಳು ಒಳಗೆ ತೂರಬೇಕು, ಹೆಬ್ಬೆರಳು ತೂರಬಾರದು. ಚರ್ಮದ ಬೆಲ್ಟಿನದು ಸಿಕ್ಕರೆ ಒಳ್ಳೆಯದು, ತೂತು ಕಡಿಮೆ ಬಿದ್ದರೆ ನಾನು ಹಾಕಿಕೊಡುತ್ತೇನೆ. ಚೈನಿನದಾದರೆ ಉದ್ದ ಕಡಿಮೆ ಮಾಡಲು ಕೊಂಡಿ ತೆಗೆಸಬೇಕಾಗುತ್ತದೆ, ಅದು ಇನ್ನೊಂದು ರಗಳೆ.

ಕೈ ತುಂಬಾ ಚಿಕ್ಕದು ಎಂದು ಬೇಜಾರು ಮಾಡಿಕೊಳ್ಳಬೇಡ. ಚಿಕ್ಕ ವಾಚಿನ ಅಂದವೇ ಬೇರೆ, ನೋಡಬೇಕಾದವರು ಹತ್ತಿರ ಬಂದೇ ನೋಡಬೇಕು.

ಅಮ್ಮನಿಗೆ ನಿನ್ನ ಕಾಗದ ಓದಿ ಹೇಳಿದೆ. ಅವಳಿಗೆ ನಿನ್ನ ಕೈ ಎಂದ ಕೂಡಲೇ ಹಳೇ ಕತೆ. ರಸ್ತೆ ದಾಟಿಸುವಾಗ ಸುಮ್ಮನೆ ಹಿಡಿದರೆ ನಿನ್ನ ಕೈ ಜಾರಿ ಹೋಗುತ್ತಿತ್ತಂತೆ, ಗಟ್ಟಿಯಾಗಿ ಹಿಡಿದರೆ ಊರೆಲ್ಲ ಕೇಳುವ ಹಾಗೆ ಅಳುತ್ತಿದ್ದೆಯಂತೆ. ನೂರನೇ ಸಲ ಹೇಳಿ ನೂರನೇ ಸಲ ನಕ್ಕಳು. ಆಮೇಲೆ, "ಕೆಲಸಕ್ಕೆ ಸಂಬಳ ಕೊಟ್ರೆ ಸಾಕಲ್ವೇನೇ? ವಾಚು ಯಾಕೆ?" ಅಂದಳು. ನಾನು ಗದರಿಸಿದೆ. ಯಾರಾದರೂ ಒಳ್ಳೆಯದು ಮಾಡಿದರೆ ಅನುಮಾನಪಡುವ ರೋಗ ಅವಳಿಗೆ. ಆದರೂ ಆ ಚಪ್ಪಲಿ ವಿಷಯ ಅವಳಿಗೆ ಓದಿ ಹೇಳಲಿಲ್ಲ. ಯಾಕೆ ಎಂದು ನನಗೇ ಗೊತ್ತಿಲ್ಲ.

ನಿನ್ನ ಅಕ್ಕ


ಜೂನ್ 20

ಅಕ್ಕಾ,

ವಾಚು ಬಂತು! ಹೇಗಾಯಿತು ಎಂದು ಮೊದಲಿಂದ ಹೇಳುತ್ತೇನೆ.

ಮೇಡಂ ಕೋಣೆಯಲ್ಲಿ ನೀಲಿ ಮಖಮಲ್ಲಿನ ತಟ್ಟೆ. ಅದರಲ್ಲಿ ಮೂರು ವಾಚು. ನಾನು ನಿನ್ನ ಕಾಗದವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿದ್ದೆ, ಪರೀಕ್ಷೆಗೆ ಕಾಪಿ ಚೀಟಿ ಒಯ್ದ ಹಾಗೆ. ಮೇಡಂ ಅದನ್ನು ಕೇಳಿ ಇಸಕೊಂಡು ಓದಿದರು. ಪೊರಕೆ ಕಡ್ಡಿ, ಗೋಡೆ ಗಡಿಯಾರ ಎಂದು ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಿಮ್ಮಕ್ಕ ಎಷ್ಟು ಚೆನ್ನಾಗಿ ಬರೀತಾರೆ! ಅಂಗಡಿ ಹೆಸರಿನ ಕಾಗದ ಬೇರೆ. ಇಂಥ ಕಾಗದ ಎಸೀಬೇಡ, ಒಂದೂ ಬಿಡದೆ ಇಟ್ಕೋ" ಅಂದರು.

ನೀನು ಹೇಳಿದಂತೆ ಕಾಲಿನಿಂದ ಕಾಲಿಗೆ ಅಳೆದು, ಚರ್ಮದ ಬೆಲ್ಟಿನ ಚಿಕ್ಕ ವಾಚು ಆರಿಸಿದೆ. ಬೆಳ್ಳಿ ಬಣ್ಣದ ಡಯಲ್ಲು, ನಾಣ್ಯದಷ್ಟೇ ದಪ್ಪ. ಕಟ್ಟಿಕೊಂಡರೆ ನನ್ನ ಕೈ ನನಗೇ ಹೊಸದಾಗಿ ಕಂಡಿತು. ಮೇಡಂ, "ಅಬ್ಬಾ, ಎಂಥ ಅಭಿರುಚಿ!" ಅಂದರು. ಅಂದು, ನನ್ನ ಕೈಯಿಂದ ಮೆಲ್ಲಗೆ ಬಿಚ್ಚಿ ತಟ್ಟೆಗೆ ಇಟ್ಟರು. "ಅಯ್ಯೋ, ಇದಕ್ಕೆ ಆಗಲೇ ಒಬ್ರು ಹೇಳಿಬಿಟ್ಟಿದ್ದಾರೆ. ನೀನು ಇದನ್ನು ತಗೋ" ಎಂದು ಮಧ್ಯದ್ದನ್ನು ಎತ್ತಿದರು.

ಅದು ಗಂಡಸರ ವಾಚಕ್ಕಾ. ಚಿನ್ನದ ಬಣ್ಣ, ಅಗಲ ಡಯಲ್ಲು, ಚೈನು. ನೀನು ನೋಡಿದರೆ ಬಾಯಿ ಬಡಿದುಕೊಳ್ಳುತ್ತೀಯ. ಕಾಲುಗಳು ಎರಡೂ ಕಡೆ ಇಣುಕುತ್ತವೆ. ಆದರೆ ವಿಚಿತ್ರ ಕೇಳು: ಚೈನು ಮಾತ್ರ ನನ್ನ ಕೈಗೆ ಅಳತೆ ತೆಗೆದು ಮಾಡಿಸಿದ ಹಾಗಿದೆ. ಒಂದು ಕೊಂಡಿಯನ್ನೂ ತೆಗೆಯಬೇಕಾಗಲಿಲ್ಲ. ಕಿರುಬೆರಳು ತೂರುತ್ತದೆ, ಹೆಬ್ಬೆರಳು ತೂರುವುದಿಲ್ಲ. ಅಂದ ಮೇಲೆ ನಾನೇನು ಹೇಳಲಿ? ದಾನಕ್ಕೆ ಬಂದದ್ದಕ್ಕೆ ಮೂಗು ಮುರಿಯುವುದೇ? ಥ್ಯಾಂಕ್ಸ್ ಹೇಳಿ ಬಂದೆ. ಮೆಟ್ಟಿಲು ಹತ್ತುವಾಗ ಆ ಚಿಕ್ಕ ವಾಚು ನೆನಪಾಗಿ ಒಂದು ಚೂರು ಅಳು ಬಂತು, ಯಾರಿಗೂ ಹೇಳಬೇಡ.

ಇನ್ನೊಂದು ವಿಷಯ. ಇದನ್ನು ಮೇಡಂ ಕೊಡಿಸಿದರೆಂದು ಗೊತ್ತಾದರೆ ಆಫೀಸಿನ ಉಳಿದವರಿಗೆ ಹೊಟ್ಟೆಕಿಚ್ಚಾಗುತ್ತದಂತೆ. ಅದಕ್ಕೆ, "ನಿಮ್ಮಕ್ಕನೇ ಕೊಟ್ಟಿದ್ದು ಅಂತ ಹೇಳು. ಅವರ ಕೈಯಲ್ಲೇ ಒಂದು ಕಾಗದ ಬರೆಸಿಬಿಡು, ಯಾರಾದ್ರೂ ಕೇಳಿದ್ರೆ ತೋರಿಸ್ಬಹುದು" ಅಂದರು. ಬರೆಯುತ್ತೀಯಲ್ಲ? ನಿನ್ನ ಹೆಸರಲ್ಲಿ ಕಟ್ಟಿಕೊಂಡರೆ ನನಗೂ ಖುಷಿಯೇ.

ನಿನ್ನ ಕಡ್ಡಿ


ಜೂನ್ 28

ಕಡ್ಡೀ,

ಗಂಡಸರ ವಾಚು! ನಿನ್ನ ಮೇಡಂಗೆ ಕಣ್ಣು ಕಾಣುವುದಿಲ್ಲವೇ? ನಮ್ಮ ಅಂಗಡಿಗೆ ಬಂದಿದ್ದರೆ ಕೂರಿಸಿ ಟೀ ಕೊಟ್ಟು ಬುದ್ಧಿ ಹೇಳಿ ಕಳಿಸುತ್ತಿದ್ದೆ. ಆರಿಸು ಅನ್ನುವುದು, ಆರಿಸಿದ ಮೇಲೆ ಬೇರೆಯದನ್ನು ಕೊಡುವುದು, ಇದೆಂಥ ಆರಿಸುವಿಕೆ? ನನಗೆ ಮೈಯೆಲ್ಲ ಉರಿಯಿತು.

ಆದರೆ ನನ್ನ ಕಾಗದ ಓದಿ ನಕ್ಕರಲ್ಲ, ಅದಕ್ಕೆ ಅರ್ಧ ಕ್ಷಮಿಸಿದ್ದೇನೆ. ನಾನು ಬರೆದದ್ದನ್ನು ಹೊಗಳಿದವರು ನಮ್ಮ ಮನೆಯಲ್ಲಂತೂ ಯಾರೂ ಇಲ್ಲ.

ತಗೋ, ನಿನಗೆ ಬೇಕಾದ ಸಾಲು, ದುಂಡಗೆ ಬರೆದಿದ್ದೇನೆ: ನನ್ನ ತಂಗಿಯ ಮೊದಲ ಕೆಲಸದ ಸಂತೋಷಕ್ಕೆ, ನಾನು ಕೆಲಸ ಮಾಡುವ ಅಂಗಡಿಯಿಂದ, ಚಿನ್ನದ ಬಣ್ಣದ ಚೈನಿನ ಈ ವಾಚನ್ನು ನಾನೇ ಕೊಟ್ಟಿದ್ದೇನೆ. ಕೆಳಗೆ ಸಹಿ. ಪಕ್ಕದಲ್ಲಿ ಅಂಗಡಿಯ ಮೊಹರನ್ನೂ ಒತ್ತಿದ್ದೇನೆ, ಯಜಮಾನರು ಊಟಕ್ಕೆ ಹೋಗಿದ್ದಾಗ. ಹೊಟ್ಟೆಕಿಚ್ಚಿನವರು ಇನ್ನು ಬಾಯಿ ಮುಚ್ಚಿಕೊಳ್ಳಲಿ. ಸುಳ್ಳೇ ಆದರೂ ಬರೆಯುವಾಗ ಹೆಮ್ಮೆಯಾಯಿತು ಕಣೇ. ನಿಜವಾಗಿ ಕೊಡುವಂತಿದ್ದರೆ ಆ ಬೆಳ್ಳಿ ಡಯಲ್ಲಿನ ಚಿಕ್ಕದನ್ನೇ ಕೊಡುತ್ತಿದ್ದೆ.

ಒಂದು ಪ್ರಶ್ನೆ. ಹೊಸ ವಾಚಿನ ಚೈನು ಯಾವಾಗಲೂ ಉದ್ದವಾಗಿಯೇ ಬರುತ್ತದೆ, ದಪ್ಪ ಕೈಯವರಿಗೂ ಆಗಲಿ ಎಂದು. ನಿನ್ನಂಥ ಕೈಗೆ ಕೂರಬೇಕಾದರೆ ಎರಡೂ ಕಡೆಯಿಂದ ಎಷ್ಟೋ ಕೊಂಡಿ ತೆಗೆದಿರಬೇಕು. ಹಾಗೆ ತೆಗೆದ ಕೊಂಡಿಗಳನ್ನು ಪುಟ್ಟ ಚೀಲದಲ್ಲಿ ಹಾಕಿ ವಾಚು ಕೊಂಡವರ ಕೈಗೇ ಕೊಡುತ್ತೇವೆ. ಅದು ನಮ್ಮ ಕಸುಬಿನ ಪದ್ಧತಿ, ಎಲ್ಲ ಅಂಗಡಿಯಲ್ಲೂ ಹಾಗೆಯೇ. ಕೊಂಡಿ ಯಾರ ಹತ್ತಿರ ಇದೆಯೋ ವಾಚು ಅವರದು. ಹಾಗಾದರೆ ನಿನ್ನ ಕೊಂಡಿಗಳು ಎಲ್ಲಿ? ನಿನ್ನ ಕೈ ನೋಡುವ ಮೊದಲೇ ಯಾರ ಕೈಗೆ ಅಳತೆ ಮಾಡಿ ತೆಗೆದರು? ಕೇಳಿ ಇಸಕೋ. ನಾಳೆ ನೀನು ದಪ್ಪಗಾದರೆ ಬೇಕಾಗುತ್ತವೆ, ನಮ್ಮ ವಂಶದಲ್ಲಿ ಅದೇನೂ ಕಷ್ಟವಿಲ್ಲ.

ಅಮ್ಮ ನಿನ್ನೆಯಿಂದ ಊಟ ಸರಿಯಾಗಿ ಮಾಡುತ್ತಿಲ್ಲ. ಕೇಳಿದರೆ ಏನೂ ಇಲ್ಲ ಅನ್ನುತ್ತಾಳೆ.

ನಿನ್ನ ಅಕ್ಕ


ಜುಲೈ 9

ಅಕ್ಕಾ,

ಕೊಂಡಿ ಕೇಳಿದೆ. ಮೇಡಂ ಟೈಪ್ ಮಾಡಿದ ಕಾಗದದಿಂದ ತಲೆ ಎತ್ತದೆ, "ಅವು ನನ್ನ ಹತ್ರ ಭದ್ರವಾಗಿವೆ. ನಿನಗೆ ಬೇಕಾಗಲ್ಲ" ಅಂದರು. ಬೇಕಾಗಲ್ಲ ಎಂದರೆ ಏನು ಎಂದು ಕೇಳುವ ಧೈರ್ಯ ನನಗಿಲ್ಲ. ನೀನಾಗಿದ್ದರೆ ಕೇಳುತ್ತಿದ್ದೆ.

ಇರಲಿ, ದೊಡ್ಡ ಸುದ್ದಿ ಇದು: ನಾನು ವಿಮಾನ ಹತ್ತುತ್ತೇನೆ! ಈ ತಿಂಗಳ ಕೊನೆಗೆ. ಗುಂಡಿಗಳ ಮಾದರಿ ಪೆಟ್ಟಿಗೆಯನ್ನು ಹೊರದೇಶದಲ್ಲಿರುವ ಮೇಡಂ ತಮ್ಮನಿಗೆ ತಲುಪಿಸಿ ವಾಪಸ್ ಬರುವುದು, ಅಷ್ಟೇ. ಪಾಸ್‌ಪೋರ್ಟ್ ಎಲ್ಲ ಅವರೇ ಮಾಡಿಸಿದ್ದಾರೆ, ಅವರ ಬೀರುವಿನಲ್ಲೇ ಇದೆ. ಅಲ್ಲಿ ಆ ತಮ್ಮ ನನ್ನ ವಾಚನ್ನು ಒಂದು ದಿನ ಸರ್ವಿಸಿಗೆ ತೆಗೆದುಕೊಂಡು, ಹೊರಡುವ ದಿನ ವಾಪಸ್ ಕಟ್ಟುತ್ತಾರಂತೆ. ಕೊಂಡು ತಿಂಗಳೂ ಆಗದ ವಾಚಿಗೆ ಯಾವ ಸರ್ವಿಸು ಅಕ್ಕಾ? ನಿಮ್ಮ ಕಸುಬಿನಲ್ಲಿ ಹೀಗೂ ಉಂಟೇ?

ಹೋಗುವಾಗ ವಿಮಾನ ನಿಲ್ದಾಣದ ಸುಂಕದವರ ಮುಂದೆ ವಾಚು ತೋರಿಸಿ, ಇದು ನನ್ನದೇ, ಇಲ್ಲಿಂದಲೇ ಕಟ್ಟಿಕೊಂಡು ಹೋಗುತ್ತಿದ್ದೇನೆ ಎಂದು ಬರೆಸಬೇಕಂತೆ. ಬರುವಾಗ ತೊಂದರೆಯಾಗಬಾರದಲ್ಲ, ಅದಕ್ಕೆ. ನಿನ್ನ ಕಾಗದಗಳನ್ನೆಲ್ಲ ಕೈಚೀಲದಲ್ಲಿ ಇಟ್ಟುಕೊಂಡಿರಬೇಕಂತೆ. "ಅಕ್ಕ ತಂಗೀರ ಕಾಗದ ಓದಿದ ಮೇಲೆ ಯಾರೂ ಹೆಚ್ಚು ಪ್ರಶ್ನೆ ಕೇಳಲ್ಲ" ಎಂದು ಮೇಡಂ ನಕ್ಕರು.

ವಾಚು ಚೆನ್ನಾಗಿ ಓಡುತ್ತಿದೆ. ದೊಡ್ಡದಾಗಿದ್ದರೂ ಭಾರವೇ ಇಲ್ಲ, ಕಟ್ಟಿಕೊಂಡದ್ದೇ ಮರೆತುಹೋಗುತ್ತದೆ. ಸೆಕೆಂಡು ಮುಳ್ಳು ಟಕ್ ಟಕ್ ಎಂದು ಹಾರುತ್ತಾ ಹೋಗುವುದನ್ನು ರಾತ್ರಿ ನೋಡುತ್ತಾ ಮಲಗುತ್ತೇನೆ. ಸೆಕೆಗೆ ಬೆವರಿದರೆ ಮಾತ್ರ ಮಣಿಕಟ್ಟಿನ ಸುತ್ತ ಹಸಿರು ಗೆರೆ ಬೀಳುತ್ತದೆ, ಸೋಪು ಹಾಕಿ ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ.

ಟೀ ತಂದುಕೊಡುವ ಅಜ್ಜಿಗೆ ಹಿಂದಿನ ಹುಡುಗಿ ಎಲ್ಲಿಗೆ ಹೋದಳು ಎಂದು ಕೇಳಿದೆ. ಅಜ್ಜಿ ಲೋಟ ಒರೆಸುತ್ತಾ, "ಅವಳೂ ವಿಮಾನ ಹತ್ತಿದ್ಲು. ಹೊಸ ಚಪ್ಪಲಿ ಹಾಕ್ಕೊಂಡು ಹೋದ್ಲು, ಹಳೇದು ಬಂದ ಮೇಲೆ ಹಾಕ್ಕೋತೀನಿ ಅಂದ್ಲು" ಅಂದಳು. "ಆಮೇಲೆ?" ಎಂದೆ. "ಆಮೇಲೆ ಯಾರೋ ಅವಳಮ್ಮ ಅಂತೆ, ಬಂದು ಬಾಗಿಲಲ್ಲಿ ಅಳ್ತಾ ಕೂತಿದ್ರು. ಒಳಗೆ ಬಿಡ್ಲಿಲ್ಲ" ಅಂದಳು. ಆ ಚಪ್ಪಲಿಗೆ ಕಾಲು ಹಾಕಿ ನೋಡಿದೆ. ನನಗೆ ಸರಿಯಾಗಿ ಆಗುತ್ತದೆ.

ಸುಮ್ಮನೆ ಹೆದರುತ್ತೇನೆ, ಅಲ್ಲವೇ? ಹೌದು ಎಂದು ಬೇಗ ಬರೆ.

ನಿನ್ನ ಕಡ್ಡಿ


ಜುಲೈ 15

ಹಾಳೆ ಒಂದು

ಕಡ್ಡೀ,

ವಿಮಾನ ಹತ್ತುತ್ತೀಯಾ! ನಮ್ಮ ವಂಶದಲ್ಲೇ ನೀನು ಮೊದಲನೆಯವಳು. ಅಂಗಡಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ಯಜಮಾನರಂತೂ, "ಬರುವಾಗ ನನಗೊಂದು ಒಳ್ಳೇ ಪೆನ್ನು ತರೋಕೆ ಹೇಳಮ್ಮ" ಎಂದರು, ದುಡ್ಡಿನ ಮಾತು ಮಾತ್ರ ಎತ್ತಲಿಲ್ಲ. ಕಿಟಕಿಯ ಪಕ್ಕ ಕೂತುಕೋ. ಕಿವಿಗೆ ಹತ್ತಿ ಇಟ್ಟುಕೋ. ಹೊಟ್ಟೆ ತೊಳಸಿದರೆ ಕಣ್ಣು ಮುಚ್ಚಿಕೊಂಡು ನಿಧಾನಕ್ಕೆ ಉಸಿರಾಡು. ಅಲ್ಲಿ ಚಳಿ ಇದ್ದರೆ ಎಂದು ಅಮ್ಮ ನಿನಗೊಂದು ಶಾಲು ತೆಗೆದಿಟ್ಟಿದ್ದಾಳೆ, ಅದರಲ್ಲಿ ನುಸಿಗುಳಿಗೆಯ ವಾಸನೆ ಹೋಗಲೆಂದು ಎರಡು ದಿನ ಬಿಸಿಲಿಗೆ ಹಾಕಿದ್ದೇನೆ.

ಮೇಡಂಗೆ ನನ್ನ ನಮಸ್ಕಾರ ತಿಳಿಸು. ಇಷ್ಟು ವಿಶ್ವಾಸ ಇಟ್ಟು ನಿನ್ನನ್ನು ಕಳಿಸುತ್ತಿದ್ದಾರಲ್ಲ. ಮತ್ತೆ ಆ ವಾಚಿನ ವಿಷಯ ಯೋಚಿಸಿ ನೋಡಿದೆ ಕಡ್ಡಿ. ಅದು ದೊಡ್ಡದಾದರೂ

ಹಾಳೆ ಎರಡು

ಚಿಕ್ಕದಾದರೂ ನಿನ್ನದಲ್ಲ. ಇಲ್ಲಿಂದ ಮುಂದಿನದನ್ನು ಒಬ್ಬಳೇ ಓದು. ಮೇಡಂ ನಿನ್ನ ಪಕ್ಕ ನಿಂತು ಓದಬಹುದು ಎಂದೇ ಮೊದಲ ಹಾಳೆಯಲ್ಲಿ ಬಣ್ಣದ ಮಾತು ತುಂಬಿದ್ದೇನೆ. ಆ ಹಾಳೆ ಅವರಿಗೆ, ಇದು ನಿನಗೆ.

ನೀನು ಸುಮ್ಮನೆ ಹೆದರುತ್ತಿಲ್ಲ. ಆ ವಾಚು ನಿಜವಾದದ್ದಾಗಿದ್ದರೆ ಭಾರಕ್ಕೆ ನಿನ್ನ ಕೈ ಜೋತು ಬೀಳುತ್ತಿತ್ತು. ಆ ಜಾತಿಯ ವಾಚಿನ ಸೆಕೆಂಡು ಮುಳ್ಳು ಹಾರುವುದಿಲ್ಲ, ಎಣ್ಣೆಯ ಮೇಲೆ ಜಾರಿದ ಹಾಗೆ ಹೋಗುತ್ತದೆ. ಚಿನ್ನ ಕೈಗೆ ಹಸಿರು ಬಳಿಯುವುದಿಲ್ಲ. ನೀನು ಕಟ್ಟಿಕೊಂಡಿರುವುದು ತಗಡು. ಅದನ್ನು ನಿನ್ನದೆಂದು ಸುಂಕದವರ ಮುಂದೆ ಬರೆಸಿ ಹೋಗುತ್ತೀಯ. ಅಲ್ಲಿ ಸರ್ವಿಸು ಎಂದು ಬಿಚ್ಚಿಸಿಕೊಂಡು, ನೋಡಲು ಇದರ ಹಾಗೆಯೇ ಇರುವ ಅಪ್ಪಟ ಚಿನ್ನದ್ದನ್ನು ಕಟ್ಟಿ ಕಳಿಸುತ್ತಾರೆ. ಹೋದದ್ದೇ ವಾಪಸ್ ಬಂದಿದೆ ಎಂದು ಇಲ್ಲಿ ಸುಂಕವಿಲ್ಲದೆ ಬಿಡುತ್ತಾರೆ. ಸಿಕ್ಕಿಬಿದ್ದರೆ ಮೇಡಂ ಯಾರೋ, ನೀನು ಯಾರೋ. ವಾಚು ನಿನ್ನದು, ಕೊಟ್ಟವಳು ನಾನು, ಕಾಗದ ಇದೆ, ಮೊಹರಿದೆ. ಆ ಮೊಹರು ಒತ್ತಿದ ಕೈ ಕಡಿದು ಹಾಕಬೇಕು ಅನ್ನಿಸುತ್ತಿದೆ. ಹೊಗಳಿಕೆಗೆ ಮರುಳಾಗಿ ನಿನ್ನನ್ನು ನಾನೇ ಕಟ್ಟಿಹಾಕಿ ಕೊಟ್ಟೆ ಕಣೇ.

ತಗಡಿನದನ್ನೂ ಚಿನ್ನದ್ದನ್ನೂ ಒಂದೇ ಅಳತೆಗೆ ಕೊಂಡಿ ತೆಗೆದು ಇಟ್ಟಿದ್ದಾರೆ, ಆ ಚಪ್ಪಲಿಯ ಹುಡುಗಿಯ ಅಳತೆಗೆ. ಅವಳು ವಾಪಸ್ ಬರದೆ ಹೋದ ಮೇಲೆ ಅದೇ ಅಳತೆಯ ಇನ್ನೊಂದು ಕೈ ಬೇಕಾಗಿತ್ತು. ನಿನ್ನ ಕೈಗೆ ವಾಚು ಹುಡುಕಲಿಲ್ಲ ಕಡ್ಡಿ, ವಾಚಿಗೆ ಕೈ ಹುಡುಕಿದರು.

ಹೊರಟು ಬಾ. ಪಾಸ್‌ಪೋರ್ಟ್ ಬೇಡ, ಸಂಬಳ ಬೇಡ, ಪೆಟ್ಟಿಗೆಯೂ ಬೇಡ. ವಾಚು ಬಿಚ್ಚಿ ಮೇಜಿನ ಮೇಲಿಟ್ಟು, ಟೀ ಅಜ್ಜಿಯ ಹಿಂದೆಯೇ ಕೆಳಗಿಳಿದು ರೈಲು ಹತ್ತು. ಮೊನ್ನೆ ಅಂಗಡಿಯಿಂದ ನಿನ್ನ ಆಫೀಸಿಗೆ ಫೋನ್ ಮಾಡಿದ್ದೆ. ಒಬ್ಬ ಗಂಡಸು ತುಂಬಾ ಮರ್ಯಾದೆಯಿಂದ, "ಅವರು ಹೊರಗೆ ಹೋಗಿದ್ದಾರೆ, ಹೇಳ್ತೀವಿ" ಅಂದ. ಹೇಳಿದರೇ? ಅಮ್ಮನಿಗೆ ಹುಷಾರಿಲ್ಲ, ಬಾ ಎಂದು ಇವತ್ತು ಟೆಲಿಗ್ರಾಂ ಕೂಡ ಕೊಟ್ಟಿದ್ದೇನೆ. ಸುಳ್ಳು, ಆದರೂ ಬಾ. ಎಂಟು ದಿನ ಕಾಯುತ್ತೇನೆ, ಬರದಿದ್ದರೆ ರಜೆ ಸಿಗಲಿ ಬಿಡಲಿ ನಾನೇ ಬರುತ್ತೇನೆ. ತಿಂಗಳ ಕೊನೆ ಎಂದಿದ್ದೀಯಲ್ಲ, ಅಷ್ಟರೊಳಗೆ ನಿನ್ನ ಕೈ ಹಿಡಿದು ಕರೆತರುತ್ತೇನೆ. ಎಷ್ಟು ಅತ್ತರೂ ಬಿಡುವುದಿಲ್ಲ.

ನಿನ್ನ ಅಕ್ಕ


ಜುಲೈ 19

ಅಕ್ಕಾ,

ನಿನ್ನ ಕಾಗದವನ್ನು ಮೇಡಂ ಇವತ್ತು ತಾವೇ ಮೆಟ್ಟಿಲು ಹತ್ತಿ ಬಂದು ಕೈಗೆ ಕೊಟ್ಟರು. ಲಕೋಟೆಯ ಅಂಚು ಹರಿದಿತ್ತು, ಪೋಸ್ಟಿನವರು ಹಾಗೇ ತಂದರಂತೆ.

ಮೇಲೆ ಹಾಳೆ ಒಂದು ಎಂದು ದೊಡ್ಡದಾಗಿ ಬರೆದಿದ್ದೀಯ. ಎರಡು ಎಲ್ಲಿ ತಾಯಿ? ನಡುವಿನಲ್ಲೇ ನಿಂತುಬಿಟ್ಟಿದೆ. ಸಹಿಯೂ ಇಲ್ಲ, ನಿನ್ನ ಅಕ್ಕ ಎಂದೂ ಇಲ್ಲ. ಗಿರಾಕಿ ಬಂದರೆ ನಿನಗೆ ಲೋಕವೇ ಮರೆತುಹೋಗುತ್ತದೆ. ಎರಡನೇ ಹಾಳೆ ನಿನ್ನ ಗಲ್ಲಾದ ಮೇಲೆಯೇ ಬಿದ್ದಿರುತ್ತದೆ, ನೋಡಿಕೋ. "ಅದು ದೊಡ್ಡದಾದರೂ" ಎಂದು ನಿಲ್ಲಿಸಿದ್ದೀಯ. ಮೇಡಂಗೆ ತೋರಿಸಿದೆ. "ದೊಡ್ಡದಾದರೂ ನಿನಗೆ ಒಪ್ಪುತ್ತೆ ಅಂತಲೇ ಬರೆದಿರ್ತಾರೆ ಬಿಡು" ಅಂದರು. ಹಾಗೇ ಇರಬೇಕು ಎಂದು ನನಗೂ ಅನ್ನಿಸಿತು.

ನಿಜ ಹೇಳುತ್ತೇನೆ, ಈ ಕಾಗದ ಬರುವವರೆಗೆ ನಾನು ಹೋಗುವುದಿಲ್ಲ ಎಂದು ಹೇಳಿಬಿಡೋಣ ಎಂದೇ ಇದ್ದೆ. ಅಜ್ಜಿ ಹೇಳಿದ್ದು ತಲೆಯಿಂದ ಹೋಗಿರಲಿಲ್ಲ. ಏನಾದರೂ ತಪ್ಪಿದ್ದರೆ ಅಕ್ಕ ಮೊದಲು ಬೈಯುತ್ತಾಳೆ, ಅವಳೇ ಕಿವಿಗೆ ಹತ್ತಿ ಇಟ್ಟುಕೋ ಎಂದು ಬರೆದಿದ್ದಾಳೆ ಅಂದ ಮೇಲೆ ಹೆದರಿಕೆ ಯಾಕೆ ಎಂದು ಸಮಾಧಾನವಾಯಿತು. ನೀನು ಹೇಳಿದರೆ ನನಗೆ ಅಷ್ಟೇ ಸಾಕು.

ಹೇಳಿದ್ದಕ್ಕಿಂತ ಬೇಗ ಹೊರಡಬೇಕಂತೆ. ನಾಳೆಯೇ! ಮುಂದಿನ ಶುಕ್ರವಾರದ ವಿಮಾನಕ್ಕೆ ವಾಪಸ್. ಶಾಲು ಸಿಗಲಿಲ್ಲ ಎಂದು ಅಮ್ಮ ಬೇಜಾರು ಮಾಡಿಕೊಳ್ಳದಿರಲಿ. ಅವಳು ಹುಷಾರಾಗಿದ್ದಾಳಲ್ಲ? ಆ ಹುಡುಗಿಯ ಸ್ವೆಟರ್ ಇದೆ, ಅದನ್ನೇ ಹಾಕಿಕೊಳ್ಳುತ್ತೇನೆ. ಮೇಡಂ ಹೊಸ ಚಪ್ಪಲಿಯನ್ನೂ ಕೊಡಿಸಿದ್ದಾರೆ. ನಿನ್ನ ಕಾಗದಗಳೆಲ್ಲ ಚೀಲದಲ್ಲಿವೆ, ಒಂದೂ ಬಿಟ್ಟಿಲ್ಲ.

ಮುಂದಿನ ಸಲ ಎರಡನೇ ಹಾಳೆ ಮರೆಯಬೇಡ.

ನಿನ್ನ ಕಡ್ಡಿ


ಜುಲೈ 26

ವಿಮಾನ ನಿಲ್ದಾಣದ ಸುಂಕದ ಅಧಿಕಾರಿಗಳಿಗೆ,

ನಾನು ವಾಚ್ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು. ನಿಮಗೆ ನನ್ನ ಪರಿಚಯವಿಲ್ಲ. ಆದರೆ ಇಂದು ಸಂಜೆಯ ವಿಮಾನದಲ್ಲಿ ಬರುವ ಒಬ್ಬ ಹುಡುಗಿಯ ಕೈಚೀಲದಲ್ಲಿ ನನ್ನ ಅಕ್ಷರವಿದೆ. ಚಿಕ್ಕ ಮೈಕಟ್ಟು, ಬೇರೆ ಯಾರದೋ ಸ್ವೆಟರು, ಕೈಯಲ್ಲಿ ಗಂಡಸರ ಚಿನ್ನದ ವಾಚು. ಅವಳು ನನ್ನ ತಂಗಿ.

ಅವಳ ಕಡೆಯ ಕಾಗದ ನನಗೆ ಸಿಕ್ಕಿದ್ದು ರೈಲು ಹತ್ತುವ ದಿನ. ಬೆಳಿಗ್ಗೆ ಅವಳ ಆಫೀಸಿಗೆ ಹೋಗಿದ್ದೆ. ಒಳಗೆ ಬಿಡಲಿಲ್ಲ. ಟೀ ಕೊಡುವ ಅಜ್ಜಿ ಹಿಂದಿನ ಮೆಟ್ಟಿಲಿಂದ ಕರೆದುಕೊಂಡು ಹೋಗಿ ತಂಗಿಯ ಕೋಣೆಯನ್ನೂ ಅವಳು ಟೈಪ್ ಮಾಡುತ್ತಿದ್ದ ಮೇಜನ್ನೂ ತೋರಿಸಿದಳು. ಮೇಜಿನ ಕೆಳಗೆ ಈಗ ಎರಡು ಜೊತೆ ಹಳೇ ಚಪ್ಪಲಿ ಇವೆ.

ಚೀಲದಲ್ಲಿರುವ ಕಾಗದಗಳಲ್ಲಿ ಒಂದಕ್ಕೆ ಎರಡನೇ ಹಾಳೆ ಇಲ್ಲ. ಅದನ್ನು ಅವಳ ಮೇಡಂ ತೆಗೆದಿಟ್ಟುಕೊಂಡಿದ್ದಾರೆ, ವಾಚಿನ ಕೊಂಡಿಗಳನ್ನು ತೆಗೆದಿಟ್ಟುಕೊಂಡ ಹಾಗೆ. ಅದರಲ್ಲಿದ್ದದ್ದನ್ನೆಲ್ಲ ಮತ್ತೆ ಬರೆದು ಇದರ ಜೊತೆ ಲಗತ್ತಿಸಿದ್ದೇನೆ. ತಗಡಿನ ವಾಚು ಹೇಗೆ ಹೋಯಿತು, ಚಿನ್ನದ್ದು ಹೇಗೆ ಬರುತ್ತದೆ, ಉಳಿದ ಕೊಂಡಿಗಳು ಯಾರ ಬೀರುವಿನಲ್ಲಿವೆ, ಎಲ್ಲ ಅದರಲ್ಲಿದೆ. ವಾಚನ್ನು ನಾನು ಕೊಟ್ಟೆನೆಂದು ಮೊಹರು ಒತ್ತಿ ಬರೆದದ್ದು ಸುಳ್ಳು. ಸುಳ್ಳು ಬರೆದವಳು ನಾನು, ಅವಳಲ್ಲ. ಅದಕ್ಕೆ ಏನು ಶಿಕ್ಷೆಯೋ ನನಗೆ ಆಗಲಿ. ನಾನು ಎಲ್ಲಿಗೂ ಓಡಿಹೋಗುವುದಿಲ್ಲ. ನಿಮ್ಮ ಬಾಗಿಲಿನ ಎದುರಿನ ಬೆಂಚಿನಲ್ಲೇ ಕೂತಿರುತ್ತೇನೆ.

ನಿಮ್ಮ ಗುಮಾಸ್ತರು, ದೊಡ್ಡ ಸಾಹೇಬರು ಇನ್ನೂ ಬಂದಿಲ್ಲ, ಬಂದ ಮೇಲೆ ಕೊಡುತ್ತೇನೆ ಎಂದು ಇದನ್ನು ಇಸಕೊಳ್ಳಲು ಕೈ ಚಾಚಿದ್ದಾರೆ. ವಿಮಾನ ಇಳಿಯುವ ಮೊದಲು ನೀವು ಇದನ್ನು ಓದುತ್ತೀರೋ, ಇಳಿದ ಮೇಲೆ ಓದುತ್ತೀರೋ ನನಗೆ ಗೊತ್ತಿಲ್ಲ. ಯಾರನ್ನು ನಂಬಿ ಕೊಡಬೇಕೆಂಬುದೂ ಈಗ ಗೊತ್ತಾಗುವುದಿಲ್ಲ. ಅದಕ್ಕೇ ಎರಡು ಹಾಳೆಯನ್ನೂ ಸೇರಿಸಿ ಹೊಲಿದಿದ್ದೇನೆ.

ಅವಳನ್ನು ತಡೆದು ನಿಲ್ಲಿಸಲೇಬೇಕಾದರೆ ನಿಲ್ಲಿಸಿ. ಒಂದೇ ಒಂದು ಬೇಡಿಕೆ. ಅವಳ ಕೈ ತುಂಬಾ ಚಿಕ್ಕದು. ಗಟ್ಟಿಯಾಗಿ ಹಿಡಿಯಬೇಡಿ.

ಆ ಹುಡುಗಿಯ ಅಕ್ಕ